ದೂರು ಹೇಳಿದವರನ್ನು ನಂಬುವ ಕಚೇರಿ: ಆಸ್ಟ್ರೇಲಿಯಾದ ರಿಡ್ರೆಸ್ ಯೋಜನೆಯ ವಿಮರ್ಶೆ

ಚರ್ಚ್, ಶಾಲೆ, ಅನಾಥಾಲಯಗಳ ಆಶ್ರಯದಲ್ಲಿದ್ದಾಗ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ಇಂದು ವಯಸ್ಕರಾಗಿರುವವರಿಗೆಂದು ಆಸ್ಟ್ರೇಲಿಯಾ ಸರ್ಕಾರವು 2018ರ ಜುಲೈ 1ರಂದು ನ್ಯಾಷನಲ್ ರಿಡ್ರೆಸ್ ಸ್ಕೀಮ್ (ರಾಷ್ಟ್ರೀಯ ಪರಿಹಾರ ಯೋಜನೆ) ಎಂಬ ಸೇವೆಯನ್ನು ಆರಂಭಿಸಿತು. ಹತ್ತು ವರ್ಷಗಳ ಅವಧಿಯ ಈ ಯೋಜನೆಗೆ ಅರ್ಜಿ ಸಲ್ಲಿಸಲು 2027ರ ಜೂನ್ 30 ಕೊನೆಯ ದಿನ. ಮೆಲ್ಬರ್ನ್, ಸಿಡ್ನಿ, ಬ್ರಿಸ್ಬೇನ್‌ಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳ ಮಕ್ಕಳು ಅಲ್ಲಿನ ಚರ್ಚ್ ಶಾಲೆಗಳಲ್ಲಿ ಓದುತ್ತಾರೆ. ಅವರಿಗೂ, ಇಂಥದ್ದೊಂದು ವ್ಯವಸ್ಥೆ ನಮ್ಮಲ್ಲಿ ಹೇಗಿರಬೇಕೆಂದು ಯೋಚಿಸುವವರಿಗೂ ಈ ಸೇವೆಯ ಪರಿಚಯ ಅಗತ್ಯವೆಂದು ನಾನು ಭಾವಿಸುತ್ತೇನೆ. ಇದರ ನಿಯಮಗಳು, ಪಾವತಿಯ ಪಟ್ಟಿ ಮತ್ತು ಇದನ್ನು ರೂಪಿಸಿದ ತನಿಖಾ ಆಯೋಗದ ವರದಿಗಳ ಆಧಾರದ ಮೇಲೆ ಈ ವಿಮರ್ಶೆಯನ್ನು ಬರೆದಿದ್ದೇನೆ.

ಯೋಜನೆ ಹುಟ್ಟಿದ್ದು ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗದ ಶಿಫಾರಸಿನಿಂದ. ಪ್ರಧಾನಿ ಜೂಲಿಯಾ ಗಿಲಾರ್ಡ್ 2012ರ ನವೆಂಬರಿನಲ್ಲಿ ಘೋಷಿಸಿದ ಆ ಆಯೋಗವು ಐದು ವರ್ಷ ಕೆಲಸ ಮಾಡಿ, ಎಂಟು ಸಾವಿರಕ್ಕೂ ಹೆಚ್ಚು ಸಂತ್ರಸ್ತರ ಮಾತನ್ನು ಖಾಸಗಿಯಾಗಿ ಆಲಿಸಿ, 2017ರ ಡಿಸೆಂಬರಿನಲ್ಲಿ 17 ಸಂಪುಟಗಳ ವರದಿಯನ್ನು ಒಪ್ಪಿಸಿತು. ಹಾಗೆ ಬಂದು ಮಾತನಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಧಾರ್ಮಿಕ ಸಂಸ್ಥೆಗಳ ಆಶ್ರಯದಲ್ಲಿ ನೊಂದವರು. ಕ್ಯಾಥೊಲಿಕ್ ಚರ್ಚಿಗೆ ಬಂದ ದೂರುಗಳನ್ನು ಆಯೋಗ ಲೆಕ್ಕ ಹಾಕಿದಾಗ 4,444 ಜನರ ಆರೋಪಗಳು ದಾಖಲಾಗಿದ್ದವು. 1950ರಿಂದ 2010ರವರೆಗೆ ಸೇವೆಯಲ್ಲಿದ್ದ ಪಾದ್ರಿಗಳಲ್ಲಿ ಶೇ 7ರಷ್ಟು ಮಂದಿಯ ಮೇಲೆ ಆರೋಪವಿತ್ತು. ದೌರ್ಜನ್ಯ ನಡೆದ ದಿನಕ್ಕೂ ದೂರು ತಲುಪಿದ ದಿನಕ್ಕೂ ನಡುವೆ ಸರಾಸರಿ 33 ವರ್ಷ ಕಳೆದಿದ್ದವು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಸಂಸ್ಥೆಯ ಕಡತಗಳಲ್ಲಿ 1950ರಿಂದ 1,006 ಆರೋಪಿಗಳ ಹೆಸರಿದ್ದರೂ ಸಂಸ್ಥೆ ಒಬ್ಬರ ಬಗ್ಗೆಯೂ ಪೊಲೀಸರಿಗೆ ತಿಳಿಸಿರಲಿಲ್ಲ. ಸಾರ್ವಜನಿಕರ ವಿಶ್ವಾಸ ಮುರಿದುಬಿದ್ದದ್ದು ಕೆಲವು ಪಾದ್ರಿಗಳು ಕೆಟ್ಟವರಾಗಿದ್ದರು ಎಂಬ ಕಾರಣಕ್ಕೆ ಮಾತ್ರವಲ್ಲ. ಗೊತ್ತಿದ್ದವರು ಸುಮ್ಮನಿದ್ದರು, ದೂರು ಬಂದಾಗ ಆರೋಪಿಯನ್ನು ಮತ್ತೊಂದು ಊರಿನ ಚರ್ಚಿಗೆ ವರ್ಗಾಯಿಸಿದರು, ಮಗುವಿನ ಮಾತಿಗಿಂತ ಸಂಸ್ಥೆಯ ಹೆಸರು ದೊಡ್ಡದೆಂದು ಬಗೆದರು ಎಂಬುದು ಅದಕ್ಕಿಂತ ದೊಡ್ಡ ಕಾರಣ. ಆದ್ದರಿಂದ ಇಂಥ ಸೇವೆಯೊಂದನ್ನು ಅಳೆಯುವಾಗ ನಾನು ಮೊದಲು ಕೇಳುವುದು ಹಣ ಎಷ್ಟೆಂದಲ್ಲ, ಹೇಳಿದ ಮಾತನ್ನು ಇಲ್ಲಿ ನಂಬುತ್ತಾರೆಯೇ ಎಂದು.

ಈ ವಿಷಯದಲ್ಲಿ ಯೋಜನೆ ನಿಜಕ್ಕೂ ಮೆಚ್ಚುಗೆಗೆ ಅರ್ಹವಾಗಿದೆ. ಕ್ರಿಮಿನಲ್ ನ್ಯಾಯಾಲಯದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಆರೋಪ ಸಾಬೀತಾಗಬೇಕು. ಸಿವಿಲ್ ದಾವೆಯಲ್ಲಿ ನಡೆಯದಿರುವುದಕ್ಕಿಂತ ನಡೆದಿರುವ ಸಂಭವವೇ ಹೆಚ್ಚೆಂದು ತೋರಿಸಬೇಕು. ಇಲ್ಲಿ ಘಟನೆ ನಡೆದಿರುವ ಸಾಧ್ಯತೆ ಸಮಂಜಸವಾಗಿ ಕಂಡರೆ ಸಾಕು. ಅರ್ಜಿದಾರರು ಯಾವ ವಕೀಲರ ಪಾಟೀಸವಾಲನ್ನೂ ಎದುರಿಸಬೇಕಿಲ್ಲ, ಆರೋಪಿಯ ಎದುರು ನಿಲ್ಲಬೇಕಿಲ್ಲ. ಐವತ್ತು ವರ್ಷಗಳ ಹಿಂದೆ ವಸತಿಶಾಲೆಯ ಕೋಣೆಯೊಂದರಲ್ಲಿ ನಡೆದ ಸಂಗತಿಗೆ ಸಾಕ್ಷಿ ಎಲ್ಲಿಂದ ತರಬೇಕೆಂಬ ಭಯವೇ ಬಹಳ ಜನರ ಬಾಯಿ ಕಟ್ಟಿದ್ದರಿಂದ, ಈ ಒಂದು ನಿಯಮದ ಬೆಲೆ ತುಂಬ ದೊಡ್ಡದು. ಉಚಿತ ಕಾನೂನು ಸಲಹೆಗೆ ನೋಮೋರ್ ಎಂಬ ಸಂಸ್ಥೆ ಇದೆ. ಅರ್ಜಿ ತುಂಬಲು ನೆರವಾಗುವ ಕೇಂದ್ರಗಳೂ ಇವೆ. 70 ವರ್ಷ ದಾಟಿದವರಿಗೆ, 55 ದಾಟಿದ ಮೂಲನಿವಾಸಿಗಳಿಗೆ ಮತ್ತು ಮರಣಾಂತಿಕ ಕಾಯಿಲೆ ಇರುವವರಿಗೆ 10,000 ಡಾಲರ್ ಮುಂಗಡವಾಗಿ ಕೊಡುವ ಏರ್ಪಾಡು 2021ರಲ್ಲಿ ಸೇರಿತು. ಸಿಗುವ ಮೊತ್ತಕ್ಕೆ ಆದಾಯ ತೆರಿಗೆ ಇಲ್ಲ.

ಸೇವೆಯು ಕೊಡುವುದು ಮೂರು: ಗರಿಷ್ಠ 1,50,000 ಆಸ್ಟ್ರೇಲಿಯನ್ ಡಾಲರ್ ಹಣ, ಮಾನಸಿಕ ಆಪ್ತಸಮಾಲೋಚನೆ, ಮತ್ತು ಸಂಸ್ಥೆಯ ಹಿರಿಯರೊಬ್ಬರು ಸಂತ್ರಸ್ತರ ಮುಂದೆ ಕುಳಿತೋ ಪತ್ರ ಬರೆದೋ ತಪ್ಪೊಪ್ಪಿಕೊಂಡು ಕ್ಷಮೆ ಕೇಳುವ ಅವಕಾಶ. ಹಣದ ವಿಚಾರದಲ್ಲಿಯೇ ನನ್ನ ಆಕ್ಷೇಪ ಬಲವಾಗಿರುವುದು. ರಾಯಲ್ ಕಮಿಷನ್ ಸೂಚಿಸಿದ್ದ ಗರಿಷ್ಠ ಮಿತಿ 2,00,000 ಡಾಲರ್. ಕಾಯ್ದೆಯಾಗಿ ಬಂದಾಗ ಅದು ನಾಲ್ಕನೇ ಒಂದು ಭಾಗ ಇಳಿಯಿತು. ಅದಕ್ಕಿಂತ ನೋವಿನ ಸಂಗತಿ ಮೊತ್ತ ನಿರ್ಧರಿಸುವ ಪಟ್ಟಿಯದು. ಕೃತ್ಯದ ಸ್ವರೂಪವನ್ನು ದೇಹಪ್ರವೇಶ, ದೈಹಿಕ ಸ್ಪರ್ಶ, ಸ್ಪರ್ಶವಿಲ್ಲದ ದೌರ್ಜನ್ಯ ಎಂದು ಮೂರು ವರ್ಗಗಳಾಗಿ ವಿಂಗಡಿಸಿ ಮೊದಲ ವರ್ಗಕ್ಕೆ 1,50,000, ಎರಡನೆಯದಕ್ಕೆ 50,000, ಮೂರನೆಯದಕ್ಕೆ 20,000 ಡಾಲರ್ ಮೇಲ್ಮಿತಿ ಹಾಕಲಾಗಿದೆ. ಅತಿ ಗಂಭೀರವೆಂದು ಎಣಿಸಿದ ಮೊದಲ ವರ್ಗದಲ್ಲಿಯೂ ಆ ದೌರ್ಜನ್ಯ ಮುಂದಿನ ಬದುಕಿನ ಮೇಲೆ ಮಾಡಿದ ಪರಿಣಾಮಕ್ಕೆ ಮೀಸಲಿಟ್ಟದ್ದು 20,000 ಡಾಲರ್ ಮಾತ್ರ. ದೇಹಕ್ಕೆ ಏನಾಯಿತೆಂಬುದರ ಮೇಲೆ ನೋವಿನ ಆಳ ನಿಂತಿರುತ್ತದೆ ಎಂಬ ಊಹೆ ಈ ಪಟ್ಟಿಯ ಬೆನ್ನೆಲುಬು, ಮತ್ತು ಆ ಊಹೆ ತಪ್ಪು. ಎರಡನೆಯ ವರ್ಗಕ್ಕೆ ಸೇರುವ ಕೃತ್ಯವನ್ನು ತನ್ನ ಕುಟುಂಬವೇ ಪೂಜ್ಯನೆಂದು ನಂಬಿದ್ದ ಪಾದ್ರಿಯಿಂದ ವರ್ಷಗಳ ಕಾಲ ಸಹಿಸಿ, ದೇವರು, ಮನೆ, ಓದು, ಮದುವೆ ಎಲ್ಲವನ್ನೂ ಕಳೆದುಕೊಂಡವರ ಬದುಕನ್ನು ಈ ಪಟ್ಟಿ ಸರಿಯಾಗಿ ಓದಲಾರದು. ಚರ್ಚ್ ಹಿಂದೆ ಕೊಟ್ಟಿದ್ದ ಪರಿಹಾರವಿದ್ದರೆ ಅದನ್ನು ಹಣದುಬ್ಬರದ ಲೆಕ್ಕ ಸೇರಿಸಿ ಈ ಮೊತ್ತದಿಂದ ಕಳೆಯುತ್ತಾರೆ. ಮೆಲ್ಬರ್ನಿನ ಆರ್ಚ್‌ಬಿಷಪ್ ಆಗಿದ್ದ ಜಾರ್ಜ್ ಪೆಲ್ 1996ರಲ್ಲಿ ಆರಂಭಿಸಿದ ಮೆಲ್ಬರ್ನ್ ರೆಸ್ಪಾನ್ಸ್ ಎಂಬ ಚರ್ಚಿನದೇ ಪರಿಹಾರ ವ್ಯವಸ್ಥೆಯಲ್ಲಿ ಪರಿಹಾರದ ಮೇಲ್ಮಿತಿ ಮೊದಲು 50,000 ಡಾಲರ್ ಇತ್ತು. ಅಂಥ ವ್ಯವಸ್ಥೆಗಳಲ್ಲಿ ಆಗ ಒಪ್ಪಿಕೊಂಡವರ ಕೈಗೆ ಇಂದು ಎಷ್ಟು ಬರುತ್ತದೆಂಬುದನ್ನು ಈ ಕಳೆಯುವ ಲೆಕ್ಕವೇ ತೀರ್ಮಾನಿಸುತ್ತದೆ.

ಹಣದ ಪ್ರಸ್ತಾವ ಬಂದ ಮೇಲೆ ಒಪ್ಪಲು ಆರು ತಿಂಗಳ ಸಮಯವಿರುತ್ತದೆ. ಒಪ್ಪಿದರೆ ಆ ಸಂಸ್ಥೆಯ ಮೇಲೆ ಸಿವಿಲ್ ದಾವೆ ಹೂಡುವ ಹಕ್ಕು ಕೈಬಿಟ್ಟುಹೋಗುತ್ತದೆ, ದೌರ್ಜನ್ಯ ಎಸಗಿದ ವ್ಯಕ್ತಿಯ ಮೇಲೆ ಹೂಡುವ ಹಕ್ಕು ಮಾತ್ರ ಉಳಿಯುತ್ತದೆ. ನಿರ್ಣಯ ತೃಪ್ತಿಕರವಲ್ಲವೆನಿಸಿದರೆ ಯೋಜನೆಯನ್ನು ನಡೆಸುವ ಇಲಾಖೆಯೊಳಗೇ ಮರುಪರಿಶೀಲನೆ ಕೇಳಬಹುದು. ಹೊರಗಿನ ಸ್ವತಂತ್ರ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸುವ ದಾರಿ ಇಲ್ಲ. ಅಧಿಕಾರಸ್ಥರ ಮೇಲಿನ ನಂಬಿಕೆಯನ್ನೇ ಕಳೆದುಕೊಂಡವರಿಗೆ ಮತ್ತೊಂದು ಮುಚ್ಚಿದ ಕೋಣೆಯ ನಿರ್ಣಯವನ್ನೇ ಅಂತಿಮವೆಂದು ಒಪ್ಪಿಕೊಳ್ಳಿ ಎನ್ನುವುದು ಸರಿಯಲ್ಲ. ಕಾಯುವ ಅವಧಿ ಕೂಡ ದೀರ್ಘ. ಇಳಿವಯಸ್ಸಿನ ಅರ್ಜಿದಾರರಿಗೆ ಇದು ಸಣ್ಣ ತೊಂದರೆಯಲ್ಲ.

ಹಾಗಿದ್ದರೆ ನೇರವಾಗಿ ನ್ಯಾಯಾಲಯಕ್ಕೇ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ವಿಕ್ಟೋರಿಯಾ ರಾಜ್ಯ 2015ರಲ್ಲಿ, ನ್ಯೂ ಸೌತ್ ವೇಲ್ಸ್ ರಾಜ್ಯ 2016ರಲ್ಲಿ ಇಂಥ ದಾವೆಗಳಿಗಿದ್ದ ಕಾಲಮಿತಿಯನ್ನು ತೆಗೆದುಹಾಕಿದ್ದರಿಂದ ಆ ದಾರಿ ಸುಗಮವಾಗಿತ್ತು, ಮತ್ತು ಅಲ್ಲಿ ಸಿಗುವ ಮೊತ್ತ ಈ ಯೋಜನೆಯ ಮಿತಿಯನ್ನು ಮೀರಬಹುದು. ಆದರೆ 2024ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಆ ದೇಶದ ಅತ್ಯುಚ್ಚ ನ್ಯಾಯಾಲಯ, ವಿಕ್ಟೋರಿಯಾದ ಬಲ್ಲಾರಟ್ ಕ್ಯಾಥೊಲಿಕ್ ಧರ್ಮಪ್ರಾಂತ್ಯದ (ಬಿಷಪ್ ಒಬ್ಬರ ಆಡಳಿತಕ್ಕೆ ಒಳಪಟ್ಟ ಚರ್ಚ್ ಪ್ರದೇಶದ) ಪ್ರಕರಣವೊಂದರಲ್ಲಿ ಪಾದ್ರಿಯು ಕಾನೂನಿನ ಅರ್ಥದಲ್ಲಿ ನೌಕರನಲ್ಲ, ಆದ್ದರಿಂದ ಅವನ ಕೃತ್ಯಕ್ಕೆ ಧರ್ಮಪ್ರಾಂತ್ಯವು ಪರೋಕ್ಷ ಹೊಣೆ ಹೊರುವುದಿಲ್ಲ ಎಂದು ತೀರ್ಪು ಕೊಟ್ಟಿತು. ಆ ಪಾದ್ರಿ ಮಗುವಿನ ಮನೆಗೆ ಹೋದಾಗ ಚರ್ಚಿನ ಪ್ರತಿನಿಧಿಯೆಂದೇ ಮನೆಯವರು ಅವನಿಗೆ ಬಾಗಿಲು ತೆರೆದದ್ದು ಎಂಬ ಸರಳ ಸತ್ಯಕ್ಕೆ ಕಾನೂನಿನಲ್ಲಿ ಜಾಗ ಸಿಗದೆ ಹೋದದ್ದು ನನಗೆ ಇಂದಿಗೂ ಒಪ್ಪಲಾಗದ ಸಂಗತಿ. ಈ ತೀರ್ಪಿನ ನಂತರ, ಕೊರತೆಗಳಿದ್ದರೂ ರಿಡ್ರೆಸ್ ಯೋಜನೆಯ ಮಹತ್ವ ಹೆಚ್ಚಿದೆ.

ಸಂಸ್ಥೆಗಳು ಈ ಯೋಜನೆಗೆ ಸ್ವಇಚ್ಛೆಯಿಂದ ಸೇರಬೇಕೆಂಬುದು ಇದರ ದುರ್ಬಲ ತಳಪಾಯ. ಯೆಹೋವನ ಸಾಕ್ಷಿಗಳು ಮೊದಲು ನಿರಾಕರಿಸಿ, ಒತ್ತಡ ಬಂದ ಮೇಲೆ 2021ರಲ್ಲಿ ಒಪ್ಪಿದರು. ಸೇರದ ಸಂಸ್ಥೆಯ ದತ್ತಿ ಸ್ಥಾನಮಾನವನ್ನು ಕಸಿಯುವ ಅಧಿಕಾರ ಸರ್ಕಾರಕ್ಕೆ ಬಂದದ್ದು ಪರಿಣಾಮ ಬೀರಿತು. ಸೇರಿದ ಸಂಸ್ಥೆಯೇ ಪರಿಹಾರದ ಹಣವನ್ನು ಭರಿಸಬೇಕು; ಇದನ್ನು ನಾನು ಯೋಜನೆಯ ಅತ್ಯುತ್ತಮ ಗುಣಗಳಲ್ಲಿ ಒಂದೆಂದು ಎಣಿಸುತ್ತೇನೆ. ನಮ್ಮ ಪೋಕ್ಸೊ ಕಾಯ್ದೆಯಲ್ಲಿ ವಿಶೇಷ ನ್ಯಾಯಾಲಯ ಆದೇಶಿಸುವ ಪರಿಹಾರವನ್ನು ರಾಜ್ಯ ಸರ್ಕಾರ ತನ್ನ ನಿಧಿಯಿಂದ ಕೊಡುತ್ತದೆ. ಮಗುವನ್ನು ಕಾಪಾಡಬೇಕಿದ್ದ ಶಾಲೆಯೋ ಮಠವೋ ಚರ್ಚೋ ಆ ಹಣದ ಹೊಣೆ ಹೊರುವ, ಮುಂದೆ ಬಂದು ಕ್ಷಮೆ ಕೇಳುವ ವ್ಯವಸ್ಥೆ ಆ ಕಾಯ್ದೆಯಲ್ಲಿಲ್ಲ.

ಆ ಕ್ಷಮೆಯೇ ಈ ಸೇವೆಯ ಮೂರನೆಯ ಭಾಗ. ಬಿಷಪ್ ಒಬ್ಬರು ವಕೀಲರಿಲ್ಲದೆ ಬಂದು ಕುಳಿತು, ಆ ಮಗುವಿಗೆ ಅಂದು ಏನಾಯಿತೆಂಬುದನ್ನು ಪೂರ್ತಿ ಆಲಿಸಿ, ತಮ್ಮ ಹಿಂದಿನವರು ಮುಚ್ಚಿಟ್ಟದ್ದನ್ನು ಒಪ್ಪಿಕೊಂಡರೆ, ಕೆಲವರಿಗೆ ಅದು ಹಣಕ್ಕಿಂತ ಹೆಚ್ಚಿನದು. ಆದರೂ ಅರ್ಜಿ ಹಾಕಿದವರಲ್ಲಿ ಇದನ್ನು ಕೇಳಿ ಪಡೆಯುವವರು ಕಡಿಮೆ, ಮತ್ತು ಅದಕ್ಕೆ ಅವರನ್ನು ದೂರಲಾಗದು. ತನ್ನನ್ನು ಒಮ್ಮೆ ಸುಳ್ಳುಗಾರನೆಂದ ಸಂಸ್ಥೆಯ ಮುಂದೆ ಮತ್ತೆ ಕೂರುವ ಮನಸ್ಸು ಎಲ್ಲರಿಗೂ ಬರುವುದಿಲ್ಲ.

ಅರ್ಹತೆಯ ಬಗ್ಗೆ ಒಂದು ಮಾತು: ಅರ್ಜಿದಾರರು ಸಾಮಾನ್ಯವಾಗಿ ಆಸ್ಟ್ರೇಲಿಯಾದ ನಾಗರಿಕರೋ ಕಾಯಂ ನಿವಾಸಿಗಳೋ ಆಗಿರಬೇಕು, ಮತ್ತು ದೌರ್ಜನ್ಯ 2018ರ ಜುಲೈ 1ಕ್ಕಿಂತ ಮೊದಲು ನಡೆದಿರಬೇಕು. ಅಂಥವರಿಗೆ ನನ್ನ ಸಲಹೆ ಇಷ್ಟೇ. ಅರ್ಜಿ ಹಾಕುವ ಮೊದಲು ಉಚಿತ ಕಾನೂನು ಸಲಹೆ ಪಡೆಯಿರಿ, ಸಿವಿಲ್ ದಾವೆಗೆ ಅವಕಾಶವಿದೆಯೇ ಎಂದು ಕೇಳಿ ತಿಳಿಯಿರಿ, ಆಪ್ತಸಮಾಲೋಚಕರ ನೆರವಿಲ್ಲದೆ ಒಂಟಿಯಾಗಿ ಆ ನಮೂನೆಯನ್ನು ತುಂಬಬೇಡಿ, ಮತ್ತು 2027ರ ಜೂನ್ ತಿಂಗಳ ಕೊನೆಯ ವಾರದವರೆಗೆ ಕಾಯಬೇಡಿ.