ಕಿಸ್‌ಪೆಪ್ಟಿನ್-10: ನಮ್ಮ ಮಳೆಗೆ ಸಣ್ಣ ವಯಲೇ ಸರಿ

ಮಣಿಪಾಲದ ನಮ್ಮ ಲ್ಯಾಬಿನಲ್ಲಿ ಕಿಸ್‌ಪೆಪ್ಟಿನ್-10 ಬಳಸಲು ಶುರುಮಾಡಿ ಕೆಲವು ಮಳೆಗಾಲ ಕಳೆದವು. ಕೆಲಸದಲ್ಲಿ ಇದಕ್ಕೆ ಪೂರ್ತಿ ಅಂಕ. ಇದೊಂದು ಪೆಪ್ಟೈಡ್, ಅಂದರೆ ಹತ್ತೇ ಅಮೈನೋ ಆಮ್ಲಗಳ ಸರಪಳಿ. ಇದು ಹೋಗಿ ಕೂರುವ ಜಿಪಿಆರ್54 ಗ್ರಾಹಕವಿರುವ ಕೋಶಗಳಿಗೆ ನ್ಯಾನೋಮೋಲಾರ್‌ನಷ್ಟು ಅತ್ಯಲ್ಪ ಮಟ್ಟದಲ್ಲಿ ಹಾಕಿದರೂ ಕ್ಷಣದಲ್ಲೇ ಒಳಗೆ ಕ್ಯಾಲ್ಸಿಯಂ ಏರಿ, ಅದನ್ನು ತೋರಿಸುವ ಡೈ ಬೆಳಗುತ್ತದೆ. ಇದೇ ಗ್ರಾಹಕದ ಜೀನ್ ಕೆಟ್ಟರೆ ಪ್ರೌಢಾವಸ್ಥೆಯೇ ಬರದೆ ಹೋಗಬಹುದು ಎಂದು 2003ರಲ್ಲಿ ಎರಡು ತಂಡಗಳು ತೋರಿಸಿದ್ದವು. ಅದು ನೆನಪಾದಾಗಲೆಲ್ಲ ಪರದೆಯ ಮೇಲಿನ ಆ ಬೆಳಕು ನನಗೆ ಇವತ್ತಿಗೂ ಅಚ್ಚರಿಯೇ.

ಆದರೆ ಇದು ಬರುವುದು ಪುಡಿಯಾಗಿ, ಆ ಪುಡಿಗೆ ತೇವ ಒಗ್ಗುವುದಿಲ್ಲ, ನಮ್ಮಲ್ಲಿ ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ಗಾಳಿ ತುಂಬ ತೇವವೇ. ಹಾಗಾಗಿ ವಯಲ್ (ಸಣ್ಣ ಗಾಜಿನ ಸೀಸೆ) ತೆರೆಯುವ ದಿನ ಯಾವ ಅವಸರವನ್ನೂ ಇಟ್ಟುಕೊಳ್ಳುವುದಿಲ್ಲ. ಹಿಂದಿನ ದಿನವೇ ತೇವ ಹೀರುವ ಸಿಲಿಕಾ ಜೆಲ್ ಅನ್ನು ಓವನ್‌ನಲ್ಲಿ ಒಣಗಿಸಿ, ಗುಲಾಬಿ ಹೋಗಿ ಅಚ್ಚ ನೀಲಿ ಬಂದ ಮೇಲೆ ಒಣಗಾಳಿಯ ಪೆಟ್ಟಿಗೆಯಾದ ಡೆಸಿಕೇಟರ್‌ಗೆ ತುಂಬುತ್ತೇನೆ. ಬೆಳಿಗ್ಗೆ –20 ಡಿಗ್ರಿಯಿಂದ ತೆಗೆದ ವಯಲ್ ಮುಚ್ಚಳ ಬಿಗಿಯಾಗಿರುವಂತೆಯೇ ಅದರೊಳಗೆ ಹೋಗುತ್ತದೆ. ಗಾಜಿನ ತಣುಪು ಪೂರ್ತಿ ಬಿಡುವವರೆಗೆ ಕಾಯುವುದು, ಒಮ್ಮೆ ಸೆಂಟ್ರಿಫ್ಯೂಜ್, ಆಮೇಲೆ ಮುಚ್ಚಳ. ಕರಗಿಸಿದ್ದನ್ನು ಕೂಡಲೇ ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿ ಮತ್ತೆ ಫ್ರೀಜರ್‌ಗೆ. ಕರಗಿಸಿ ಹೆಪ್ಪುಗಟ್ಟಿಸುವುದು ಪದೇ ಪದೇ ಆಗಬಾರದು. ಸರಪಳಿಯಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಇರುವುದರಿಂದ ಬೆಳಕಿಗೂ ಇಡುವುದಿಲ್ಲ.

ಸಿಟ್ಟು ಬರುವುದು ಲೇಬಲ್ ನೋಡಿದಾಗ. 1 ಮಿ.ಗ್ರಾಂ, ಶುದ್ಧತೆ ಶೇ. 95ಕ್ಕೂ ಹೆಚ್ಚು ಎಂದು ದೊಡ್ಡದಾಗಿ ಇದೆ. ಆ ಶೇಕಡಾವಾರು ಎಚ್‌ಪಿಎಲ್‌ಸಿಯದ್ದು (ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಮಾರಾಯ್ರೆ, ಉಪ್ಪು ಮತ್ತು ನೀರಿನ ತೂಕ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ! ಅಣುತೂಕ ಸುಮಾರು 1302. ಅದಕ್ಕೆ ಉಪ್ಪಾಗಿ ಎರಡು ಟಿಎಫ್‌ಎ (ಟ್ರೈಫ್ಲೋರೋಅಸಿಟಿಕ್ ಆಮ್ಲ) ಅಣು ಅಂಟಿದರೆ ಅದರ ತೂಕವೇ 228. ಅಂದರೆ ತೇವ ಸೇರುವ ಮೊದಲೇ ಶೇ. 15ರಷ್ಟು ಪೆಪ್ಟೈಡ್ ಅಲ್ಲ. ನಿವ್ವಳ ಪೆಪ್ಟೈಡ್ ಎಷ್ಟೆಂದು ವಯಲ್ ಮೇಲೆ ಅಚ್ಚು ಹಾಕಲು ಏನು ಕಷ್ಟ? ನಾವು ಕೇಳಿ ಕೇಳಿ ಪಡೆದ ಬ್ಯಾಚ್ ಸರ್ಟಿಫಿಕೇಟಿನಲ್ಲೂ ಆ ಸಾಲು ಖಾಲಿ. ಡೋಸ್ ಕರ್ವ್ (ಪ್ರಮಾಣಕ್ಕೆ ತಕ್ಕ ಪರಿಣಾಮದ ಗ್ರಾಫ್) ಬರೆಯುವ ವಿದ್ಯಾರ್ಥಿಗೆ ಇದು ಸಣ್ಣ ವಿಷಯವಲ್ಲ.

ದೊಡ್ಡ ವಯಲ್ ಮಿಲಿಗ್ರಾಂ ಲೆಕ್ಕದಲ್ಲಿ ಅಗ್ಗ, ನಮ್ಮ ಗ್ರಾಂಟ್ ಚಿಕ್ಕದು. ಆದರೂ 1 ಮಿ.ಗ್ರಾಂನ ವಯಲ್‌ಗಳನ್ನೇ ತರಿಸುತ್ತೇನೆ, ಒಂದನ್ನು ಒಮ್ಮೆ ಮಾತ್ರ ತೆರೆದರೆ ಸಾಕಾಗುತ್ತದೆ. ನಿವ್ವಳ ಪ್ರಮಾಣ ಬರೆದುಕೊಡುವವರು ಸ್ವಲ್ಪ ಹೆಚ್ಚು ಬೆಲೆ ಹೇಳಿದರೂ ಅವರಿಂದಲೇ ಕೊಳ್ಳಿ. ಇಲಿಗಳ ಮೇಲೆ ಕೆಲಸ ಮಾಡುವವರು ಆರ್ಡರ್‌ಗೆ ಮುಂಚೆ ಕೊನೆಯ ಅಮೈನೋ ಆಮ್ಲ ನೋಡಿಕೊಳ್ಳಿ: ಮನುಷ್ಯರದ್ದರಲ್ಲಿ ಫೀನೈಲ್‌ಅಲನೈನ್, ಇಲಿಯದ್ದರಲ್ಲಿ ಟೈರೊಸಿನ್.