ಬಳ್ಳಾರಿ ಬಿಸಿಲಲ್ಲಿ 85 ಇಂಚಿನ ಥಂಡರ್‌ಬೋಲ್ಟ್: ಕೌಲ್ ಒಳಗಿನ ಗಾಳಿಯದೇ ತಕರಾರು

ರೇಡಿಯೊದಿಂದ ಹಾರಿಸುವ ಈ ಮಾದರಿ ವಿಮಾನದ ರೆಕ್ಕೆ ಎಷ್ಟು ಉದ್ದ, ಸರ್ವೋ (ರಡ್ಡರ್, ಥ್ರಾಟಲ್ ಅಲುಗಿಸುವ ಪುಟ್ಟ ಮೋಟಾರ್) ಎಷ್ಟು ಬೇಕು ಅನ್ನುವುದನ್ನೆಲ್ಲ ಪೆಟ್ಟಿಗೆ ಮೇಲೇ ನೋಡಿರುತ್ತೀರಿ. ಅದನ್ನು ಬಿಟ್ಟು ನೇರ ದೂರಿಗೆ ಬರುತ್ತೇನೆ. ಎರಡನೇ ಮಹಾಯುದ್ಧದ ಯುದ್ಧವಿಮಾನ ಪಿ-47 ಥಂಡರ್‌ಬೋಲ್ಟಿನ ಈ ಎಆರ್‌ಎಫ್ (ಬಹುಪಾಲು ಜೋಡಿಸಿಯೇ ಬರುವ) ಕಿಟ್ ಜೊತೆ ಸಿಗುವ ಫೈಬರ್ ಕೌಲ್, ಅಂದರೆ ಎಂಜಿನ್ ಮುಚ್ಚುವ ಮೂತಿಯ ಹೊದಿಕೆ, ನೋಡಲು ಬಲು ಚೆಂದ. ಆದರೆ ಅದು ನಮ್ಮ ಬಿಸಿಲಿಗೆ ಮಾಡಿದ್ದಲ್ಲ. ಮಾಡಿದವರು 20 ಡಿಗ್ರಿಯ ಊರಿನಲ್ಲಿ ಹಾರಿಸಿ ನೋಡಿರಬೇಕು. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ 40 ದಾಟುವುದು ಮಾಮೂಲು. ಕೈಪಿಡಿಯಲ್ಲಿ ಹೇಳಿದಂತೆಯೇ ಜೋಡಿಸಿ 55 ಸಿಸಿ ಪೆಟ್ರೋಲ್ ಎಂಜಿನ್ ಕೂರಿಸಿದರೆ ನಾಲ್ಕೈದು ನಿಮಿಷದಲ್ಲಿ ಶಕ್ತಿ ಇಳಿಯುತ್ತದೆ, ಇಳಿಸುವ ಹೊತ್ತಿಗೆ ಐಡಲ್ (ಎಂಜಿನ್ನಿನ ನಿಧಾನದ ಓಟ) ತೂಗಾಡುತ್ತದೆ, ಕೆಲವೊಮ್ಮೆ ಕೊನೆಯ ತಿರುವಿನಲ್ಲೇ ನಿಂತುಬಿಡುತ್ತದೆ. ಒಂಬತ್ತೂವರೆ ಕಿಲೋ ತೂಕದ ವಿಮಾನ ಎಂಜಿನ್ ಇಲ್ಲದೆ ತೇಲುವುದಿಲ್ಲ, ಬೀಳುತ್ತದೆ.

ಕಾರಣ ಇಷ್ಟು. ಥಂಡರ್‌ಬೋಲ್ಟಿನ ಮೂತಿ ದೊಡ್ಡ ಬಾಯಿ ತೆರೆದ ಹಾಗಿದೆ. ಅಷ್ಟು ಗಾಳಿ ಒಳಗೆ ಹೋಗುವಾಗ ಎಂಜಿನ್ ತಣ್ಣಗಿರಲೇಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಗಾಳಿಗೆ ಸಲೀಸಾದ ದಾರಿ ಬೇಕು. ಅದು ಸಿಲಿಂಡರಿನ ಸುತ್ತಮುತ್ತಲಿನ ಖಾಲಿ ಜಾಗದಲ್ಲಿ ನುಸುಳಿ ಹೋಗುತ್ತದೆ, ಸಿಲಿಂಡರ್ ಮೈಮೇಲಿನ ತಣಿಸುವ ಪಟ್ಟಿಗಳಾದ ಫಿನ್‌ಗಳ ಸಂದಿಗೆ ಇಳಿಯುವುದೇ ಇಲ್ಲ. ಹಿಂದೆ ಹೊರಹೋಗುವ ದಾರಿ ಕಿರಿದಾಗಿದ್ದರೆ ಇನ್ನೂ ಕಷ್ಟ. ಬಿಸಿಯಾದ ಗಾಳಿ ಹಿಗ್ಗುತ್ತದೆ, ಹೊರಬರಲಾರದೆ ಒಳಗೇ ಸುತ್ತುತ್ತದೆ. ಒಳಬರುವ ಜಾಗದ ಎರಡೂವರೆಯಿಂದ ಮೂರು ಪಟ್ಟು ಹೊರಹೋಗುವ ಜಾಗ ಇರಬೇಕು ಎಂಬುದು ಹಳಬರ ಲೆಕ್ಕ. ಈ ಕಿಟ್‌ನಲ್ಲಿ ಅದು ತಲೆಕೆಳಗಾಗಿದೆ. ಮುಂದೆ ಬಾಯಿ ದೊಡ್ಡದು, ಹಿಂದೆ ಕೌಲ್ ಮತ್ತು ಫ್ಯೂಸಲಾಜ್ (ವಿಮಾನದ ಒಡಲು) ನಡುವೆ ಬೆರಳು ತೂರದಷ್ಟು ಸಂದಿ.

ಇದರ ಮೇಲೆ ಎತ್ತರ ಮತ್ತು ಶಾಖದ ಲೆಕ್ಕ ಬೇರೆ. ಸಮುದ್ರ ಮಟ್ಟದಿಂದ ನಾನೂರೈವತ್ತು ಮೀಟರ್ ಮೇಲೆ, 40 ಡಿಗ್ರಿಯಲ್ಲಿ, ಗಾಳಿಯ ಸಾಂದ್ರತೆ ಮಾನಕಕ್ಕಿಂತ ಸುಮಾರು 13% ಕಡಿಮೆ. ಎಂಜಿನ್‌ಗೆ ಅಷ್ಟು ಉಸಿರು ಕಡಿಮೆ, ಪ್ರಾಪ್‌ಗೆ (ಪ್ರೊಪೆಲರ್) ಹಿಡಿತ ಕಡಿಮೆ, ರೆಕ್ಕೆಗೆ ಸುಮಾರು 7% ಹೆಚ್ಚು ವೇಗ ಬೇಕು, ತಣ್ಣಗಾಗಿಸಲು ಸಿಗುವ ಗಾಳಿಯೂ ತೆಳು.

ಪರಿಹಾರ ಬ್ಯಾಫಲ್, ಅಂದರೆ ಗಾಳಿಯನ್ನು ಸಿಲಿಂಡರಿನತ್ತ ತಿರುಗಿಸುವ ತಡೆಹಲಗೆ. ಮಾರುಕಟ್ಟೆಯಲ್ಲಿ ಸಿಗದು, ಮನೆಯಲ್ಲೇ ಕತ್ತರಿಸಬೇಕು. 1.5 ಮಿಮೀ ಪ್ಲೈವುಡ್ ಸಾಕು. ಕೌಲ್ ಒಳ ವ್ಯಾಸಕ್ಕೆ ಸರಿಯಾದ ವೃತ್ತ ಕತ್ತರಿಸಿ, ತಲೆಕೆಳಗಾಗಿ ಕೂತ ಸಿಲಿಂಡರ್ ಬರುವ ಕಡೆ ಮಾತ್ರ ಕಿಂಡಿ ಬಿಡಬೇಕು. ಕಿಂಡಿಯ ಅಂಚಿಗೂ ಫಿನ್‌ಗೂ 5ರಿಂದ 6 ಮಿಮೀ ಅಂತರ. ಅದಕ್ಕಿಂತ ಹೆಚ್ಚಿದ್ದರೆ ಗಾಳಿ ಪಕ್ಕದಲ್ಲೇ ಜಾರಿಹೋಗುತ್ತದೆ, ಕಡಿಮೆಯಾದರೆ ಎಂಜಿನ್ ಅಲುಗಾಡುವಾಗ ಪ್ಲೈಗೆ ಬಡಿಯುತ್ತದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ, ಕೌಲ್ ಹಾಕಿ ತೆಗೆದು ನೋಡಿ, ಆಮೇಲೆ ಪ್ಲೈಗೆ ಬನ್ನಿ. ಕಿಂಡಿಯಿಂದ ಹಿಂದಕ್ಕೆ ಸಿಲಿಂಡರಿನ ಎರಡೂ ಬದಿಗೆ ಸಣ್ಣ ಗೋಡೆ ನಿಲ್ಲಿಸಿದರೆ ಗಾಳಿ ಫಿನ್ ಸಂದಿಯಲ್ಲೇ ಸಾಗಿ ಹಿಂಬದಿಯನ್ನೂ ತಣಿಸುತ್ತದೆ. ಪ್ಲೈಗೆ ಎರಡು ಕೋಟ್ ತೆಳು ಎಪಾಕ್ಸಿ ಬಳಿಯಿರಿ. ಇಲ್ಲದಿದ್ದರೆ ಎಣ್ಣೆ ಕುಡಿದು ಉಬ್ಬುತ್ತದೆ. ಅಂಚಿನ ಸಂದಿಗಳಿಗೆ ಅಲ್ಯೂಮಿನಿಯಂ ಟೇಪ್.

ಡಮ್ಮಿ ರೇಡಿಯಲ್, ಅಂದರೆ ಮೂತಿಯಲ್ಲಿ ತೋರಿಕೆಗೆ ಕೂರಿಸುವ ಸುಳ್ಳು ಎಂಜಿನ್, ಅದರ ಬಗ್ಗೆ ಒಂದು ಮಾತು. ನಿಜವಾದ ವಿಮಾನದಲ್ಲಿದ್ದದ್ದು ಪ್ರ್ಯಾಟ್ ಅಂಡ್ ವಿಟ್ನಿ ಆರ್-2800, ಒಂಬತ್ತೊಂಬತ್ತರ ಎರಡು ಸಾಲಿನಲ್ಲಿ 18 ಸಿಲಿಂಡರ್. ಕಿಟ್‌ನ ಪ್ಲಾಸ್ಟಿಕ್ ತಟ್ಟೆಯಲ್ಲಿ ಮುಂದಿನ ಸಾಲು ಮಾತ್ರ. ಸಿಲಿಂಡರುಗಳ ನಡುವಿನ ಎಲ್ಲ ಸಂದಿಯನ್ನೂ ಕೊರೆದು ಖಾಲಿ ಮಾಡಿದರೆ ನೋಡಲು ಸೊಗಸು, ಎಂಜಿನ್‌ಗೆ ಶತ್ರು. ಕೆಳಗಿನ ಎರಡು ಸಂದಿ ಮಾತ್ರ ತೆರೆಯಿರಿ, ಉಳಿದವಕ್ಕೆ ಹಿಂದಿನಿಂದ ಕಪ್ಪು ಹಾಳೆ ಅಂಟಿಸಿ. ಹತ್ತು ಹೆಜ್ಜೆ ದೂರದಿಂದ ಯಾರಿಗೂ ಗೊತ್ತಾಗದು.

ಹೊರದಾರಿಗೆ ಕೌಲ್‌ನ ಕೆಳಭಾಗದ ಹಿಂದಿನ ಅಂಚನ್ನು ಕತ್ತರಿಸಿ ಸುಮಾರು 3 ಸೆಂಮೀ ಸಂದಿ ಮಾಡಬೇಕು. ಕತ್ತರಿಸಿದ ಅಂಚಿಗೆ ಹೊರಕ್ಕೆ ಬಾಗಿದ ತುಟಿ ಅಂಟಿಸಿದರೆ ಅದರ ಹಿಂದೆ ಒತ್ತಡ ಕಡಿಮೆಯಾಗಿ ಬಿಸಿಗಾಳಿಯನ್ನು ಹೀರಿ ಹೊರಗೆಳೆಯುತ್ತದೆ. ನಿಜದ ಥಂಡರ್‌ಬೋಲ್ಟಿನಲ್ಲಿ ಪೈಲಟ್ ತೆರೆದು ಮುಚ್ಚುತ್ತಿದ್ದ ಕೌಲ್ ಫ್ಲ್ಯಾಪ್ ಮಾಡುತ್ತಿದ್ದದ್ದೂ ಇದೇ ಕೆಲಸ; ನಮ್ಮದು ಸದಾ ತೆರೆದಿರುತ್ತದೆ ಅಷ್ಟೆ. ಟೆಲಿಮೆಟ್ರಿ (ಹಾರುವಾಗಲೇ ಅಳತೆಗಳನ್ನು ಕೆಳಗೆ ಕಳಿಸುವ ವ್ಯವಸ್ಥೆ) ಇದ್ದರೆ ಸ್ಪಾರ್ಕ್ ಪ್ಲಗ್ ಬುಡಕ್ಕೆ ಶಾಖದ ಸೆನ್ಸರ್ ಹಾಕಿ. ಮೇ ತಿಂಗಳ ಬೆಳಿಗ್ಗೆ 150 ಡಿಗ್ರಿಯ ಆಸುಪಾಸಿನಲ್ಲಿ ನಿಂತರೆ ನನಗೆ ಸಮಾಧಾನ. 180ರ ಕಡೆ ಹತ್ತುತ್ತಿದ್ದರೆ ಇಳಿಸಿಬಿಡುತ್ತೇನೆ.

ಬ್ಯಾಫಲ್ ಹಾಕಿದ ಮೇಲೆ ಇನ್ನೊಂದು ಕಾಟ ತಲೆ ಎತ್ತುತ್ತದೆ, ಅದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ವಾಲ್ಬ್ರೋ ಮಾದರಿಯ ಕಾರ್ಬುರೇಟರಿನ ಮೀಟರಿಂಗ್ ಡಯಾಫ್ರಾಮ್ (ಪೆಟ್ರೋಲ್ ಅಳೆದು ಬಿಡುವ ತೆಳು ಪೊರೆ) ಮುಚ್ಚಳದಲ್ಲಿ ಒಂದು ಸಣ್ಣ ತೂತು ಇದೆ. ಆ ತೂತಿನ ಮೂಲಕ ಡಯಾಫ್ರಾಮ್ ಹೊರಗಿನ ಒತ್ತಡವನ್ನು ಓದುತ್ತದೆ. ಕೌಲ್ ಒಳಗೆ ಒತ್ತಡ ಹೆಚ್ಚಿದರೆ ಪೆಟ್ರೋಲ್ ಹೆಚ್ಚು ಬಿಡುತ್ತದೆ, ಇಳಿದರೆ ಕಡಿಮೆ. ಹಾಗಾಗಿ ನೆಲದ ಮೇಲೆ ಗಡಿಯಾರದಂತೆ ಓಡುವ ಎಂಜಿನ್ ಡೈವ್‌ನಲ್ಲಿ ಗೊಣಗುತ್ತದೆ, ಮಿಶ್ರಣ ಹೊಂದಿಸುವ ನೀಡಲ್ ಎಷ್ಟು ತಿರುಗಿಸಿದರೂ ಸರಿಹೋಗದು. ಮುಚ್ಚಳ ಬಿಚ್ಚಿ, ಡಯಾಫ್ರಾಮ್ ಪಕ್ಕಕ್ಕಿಟ್ಟು, ತೂತಿನ ಮೇಲೆ 3 ಮಿಮೀ ಹಿತ್ತಾಳೆ ಕೊಳವೆಯನ್ನು ಬೆಸುಗೆ ಹಾಕಿ. ಅದಕ್ಕೆ ಸಿಲಿಕೋನ್ ಟ್ಯೂಬ್ ತೊಡಿಸಿ ಎಂಜಿನ್ ಹಿಂದಿನ ಹಲಗೆಯಾದ ಫೈರ್‌ವಾಲ್ ದಾಟಿಸಿ ಫ್ಯೂಸಲಾಜ್ ಒಳಗೆ ಬಿಟ್ಟರೆ ಮುಗಿಯಿತು. ಅರ್ಧ ಗಂಟೆಯ ಕೆಲಸ, ಇಪ್ಪತ್ತು ರೂಪಾಯಿ ಸಾಮಾನು.

ಇಷ್ಟಾದ ಮೇಲೆ ನನ್ನ ಸಿಟ್ಟು ಇಳಿಯಿತು, ಅದನ್ನೂ ಹೇಳಲೇಬೇಕು. ಈಗ ಈ ಎಂಜಿನ್ ಚಾಲೂ ಮಾಡುವುದೇ ಬೆಳಗಿನ ಸುಖ. ಗಾಲಿಗೆ ಅಡ್ಡ ಕಟ್ಟೆ, ಬಾಲ ಹಿಡಿಯಲು ಒಬ್ಬ, ಕೈಗೆ ದಪ್ಪ ಚರ್ಮದ ಗ್ಲೌಸ್, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಚೋಕ್ ಮುಚ್ಚಿ, ಥ್ರಾಟಲ್ ಒಂದೆರಡು ಕ್ಲಿಕ್ ತೆರೆದು, ಇಗ್ನಿಷನ್ ಆನ್. ಪ್ರಾಪ್ ತಿರುಗಿಸುತ್ತ ಹೋದರೆ ಒಳಗಿಂದ ‘ಠಪ್’ ಎಂದು ಒಂದು ಕೆಮ್ಮು. ಅಲ್ಲಿಗೆ ನಿಲ್ಲಿಸಿ ಚೋಕ್ ತೆರೆಯಬೇಕು. ಅತಿಯಾಸೆಗೆ ಇನ್ನೆರಡು ಸಲ ತಿರುಗಿಸಿದರೆ ಪ್ಲಗ್ ನೆನೆದು ಬೆಳಗಿನ ಹೊತ್ತು ಹಾಳು. ಚೋಕ್ ತೆರೆದ ಮೇಲೆ ಎರಡು-ಮೂರು ಏಟಿಗೆ ಹಿಡಿಯುತ್ತದೆ. ಮೊದಲ ಒಂದು ನಿಮಿಷ ಐಡಲ್‌ನಲ್ಲೇ ಬಿಡಿ, ಸಿಲಿಂಡರ್ ಬಿಸಿಯಾಗುವ ಮೊದಲು ಥ್ರಾಟಲ್ ಒತ್ತಿದರೆ ಕೆಮ್ಮಿ ನಿಲ್ಲುತ್ತದೆ. 22×10 ಇಂಚಿನ ಮರದ ಪ್ರಾಪ್ ನಿಧಾನ ಐಡಲ್‌ನಲ್ಲಿ ತಿರುಗುವಾಗ ಬ್ಲೇಡ್ ಒಂದೊಂದಾಗಿ ಕಾಣುತ್ತದೆ. ಆ ಸದ್ದಿಗೇ ನಾನು ಎಲೆಕ್ಟ್ರಿಕ್ ಕಡೆ ಹೋಗಲಿಲ್ಲ. ಮೂರು ಬ್ಲೇಡಿನ ಪ್ರಾಪ್ ಹಾಕಿದರೆ ಫೋಟೊ ಚೆಂದ, ಎಳೆತ ಕಡಿಮೆ. ನಮ್ಮ ತೆಳು ಗಾಳಿಗೆ ಎರಡು ಬ್ಲೇಡೇ ಲೇಸು.

ನೀಡಲ್ ಹೊಂದಿಸುವುದು ಯಾವಾಗಲೂ ನಸುಕಿನ ತಂಪಿನಲ್ಲಿ. ಹೆಚ್ಚು ವೇಗದ ಹೈ, ಐಡಲ್‌ನ ಲೋ, ಎರಡು ನೀಡಲನ್ನೂ ಒಂದೂಕಾಲು-ಒಂದೂವರೆ ಸುತ್ತಿನ ನಡುವೆ ತೆರೆದು ಶುರು ಮಾಡಿ, ಪೂರ್ತಿ ಥ್ರಾಟಲ್‌ನಲ್ಲಿ ಗರಿಷ್ಠ ವೇಗ ಕಂಡ ಮೇಲೆ ಸುಮಾರು 200 ಆರ್‌ಪಿಎಂ ಇಳಿಯುವಷ್ಟು ರಿಚ್ (ಪೆಟ್ರೋಲ್ ಹೆಚ್ಚು) ಮಾಡಿ. ಹೊತ್ತೇರಿ ಗಾಳಿ ತೆಳುವಾದಂತೆ ಮಿಶ್ರಣ ತಾನೇ ಇನ್ನಷ್ಟು ರಿಚ್ ಆಗುತ್ತದೆ, ಎಂಜಿನ್‌ಗೆ ಅಪಾಯವಿಲ್ಲ. ನಡುಹಗಲಲ್ಲಿ ಹೊಂದಿಸಿ ಮರುದಿನ ಬೆಳಿಗ್ಗೆ ಹಾರಿಸಿದರೆ ಲೀನ್ (ಪೆಟ್ರೋಲ್ ಕಡಿಮೆ) ಆಗಿ ಪಿಸ್ಟನ್ ಕಚ್ಚುವ ಭಯ. ಪ್ಲಗ್ ಸಿಎಂ-6, ಗ್ಯಾಪ್ ಅರ್ಧ ಮಿಮೀ.

ಪೆಟ್ರೋಲ್ ಮಾತು ಬಿಡುವಂತಿಲ್ಲ. ಬಂಕ್‌ನಲ್ಲಿ ಈಗ ಸಿಗುವುದು ಇ20, ಅಂದರೆ 20% ಎಥನಾಲ್. ಗಾಳಿಯ ತೇವವನ್ನು ಅದು ಹೀರುತ್ತದೆ, ಡಯಾಫ್ರಾಮನ್ನೂ ಮಾಮೂಲು ರಬ್ಬರ್ ಟ್ಯೂಬನ್ನೂ ಕೆಡಿಸುತ್ತದೆ. ಅನುಮಾನವಿದ್ದರೆ ಅಳತೆಯ ಗಾಜಿನ ಕೊಳವೆಯಲ್ಲಿ 20 ಮಿಲೀ ನೀರು, 80 ಮಿಲೀ ಪೆಟ್ರೋಲ್ ಹಾಕಿ ಕುಲುಕಿ ಹತ್ತು ನಿಮಿಷ ಬಿಡಿ. ಎಥನಾಲ್ ನೀರಿಗೆ ಸೇರಿಕೊಂಡು ಕೆಳಗಿನ ಪದರ 36ರ ಹತ್ತಿರ ಏರಿದರೆ ಅದು ಇ20. ಇದೇ ಉಪಾಯದಿಂದ ಎಥನಾಲ್ ತೆಗೆದು ಬಳಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ, ಆಕ್ಟೇನ್ ಇಳಿಯುತ್ತದೆ, ನೀರಿನ ಅಂಶ ಉಳಿಯುತ್ತದೆ. ಒಂದು ಲೀಟರಿಗೆ 33 ಮಿಲೀ ಟೂ-ಸ್ಟ್ರೋಕ್ ಸಿಂಥೆಟಿಕ್ ಎಣ್ಣೆ, ಅಂದರೆ 30:1, ವಾರಕ್ಕೆ ಬೇಕಾದಷ್ಟೇ ಬೆರೆಸಿ. ಹಾರಾಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಒಣಗುವವರೆಗೆ ಎಂಜಿನ್ ಓಡಿಸಿ. ಟ್ಯೂಬ್ ಪೆಟ್ರೋಲಿಗೆ ಕೆಡದ ಟೈಗಾನ್ ಜಾತಿಯದ್ದೇ ಇರಲಿ, ಸೈಲೆನ್ಸರ್ ಪಕ್ಕ ಹಾಯಿಸಬೇಡಿ. ಇಳಿದ ಮೇಲೆ ಕೌಲ್ ಒಳಗಿನ ಕಾವಿಗೆ ಪೆಟ್ರೋಲ್ ಕುದಿದು ಮರುಚಾಲೂ ಕಷ್ಟವಾಗುತ್ತದೆ. ಡಯಾಫ್ರಾಮ್ ಕಿಟ್ ಬೇಸಿಗೆಗೆ ಮುಂಚೆ ಬದಲಿಸುವುದು ನನ್ನ ರೂಢಿ.

ಉಳಿದದ್ದು ಚುಟುಕಾಗಿ. ಇಗ್ನಿಷನ್ ಮತ್ತು ಅದರ ಬ್ಯಾಟರಿ ಮೂತಿಯಲ್ಲಿ, ರಿಸೀವರ್ ಕನಿಷ್ಠ 30 ಸೆಂಮೀ ಹಿಂದೆ. ಥ್ರಾಟಲ್ ಕಡ್ಡಿ ನೈಲಾನ್, ಲೋಹದ್ದು ಬೇಡ. ಫೇಲ್‌ಸೇಫ್ (ಸಿಗ್ನಲ್ ತಪ್ಪಿದಾಗ ತಾನೇ ನಡೆಯುವ ಕ್ರಮ) ಇಗ್ನಿಷನ್ನನ್ನೇ ಕಡಿಯುವಂತೆ ಹೊಂದಿಸಿ. ಮೂತಿ ಗಿಡ್ಡವಾದ್ದರಿಂದ ತೂಕ ಸರಿದೂಗಿಸಲು ಮುಂದೆ ಸೀಸ ಹಾಕಲೇಬೇಕಾಗುತ್ತದೆ. ಬ್ಯಾಟರಿಗಳನ್ನೆಲ್ಲ ಮುಂದೆ ತಳ್ಳಿದರೆ ಕಡಿಮೆ ಸಾಕು. ಟೇಕಾಫ್‌ನಲ್ಲಿ ಥ್ರಾಟಲ್ಲನ್ನು ಐದು ಸೆಕೆಂಡಿನಲ್ಲಿ ಮೆಲ್ಲಗೆ ಏರಿಸಿ, ಬಲ ರಡ್ಡರ್ ತಯಾರಿರಲಿ. ಇಳಿಸುವಾಗ ಗಾಲಿ ನೆಲ ಮುಟ್ಟುವವರೆಗೆ ಸ್ವಲ್ಪ ಥ್ರಾಟಲ್ ಉಳಿಸಿಕೊಳ್ಳಿ.

ರಿಟ್ರಾಕ್ಟ್ (ಒಳಗೆ ಮಡಚಿಕೊಳ್ಳುವ ಗಾಲಿ) ಕೂರುವ ಪ್ಲೈ ಹಲಗೆ ಮಾತ್ರ ಪಾಪದ್ದು. ಮೊದಲ ದಿನವೇ ಅದರ ಬುಡಕ್ಕೆ ಗಟ್ಟಿ ಮರದ ತ್ರಿಕೋನ ಪಟ್ಟಿಗಳನ್ನು 30 ನಿಮಿಷದ ಎಪಾಕ್ಸಿಯಲ್ಲಿ ಕೂರಿಸಿ. ಎರೆ ನೆಲ ಒಣಗಿದಾಗ ಬಿರುಕಿಗೆ ಗಾಲಿ ಸಿಕ್ಕುತ್ತದೆ, ನೆನೆದಾಗ ಗಾಲಿ ತುಂಬ ಅಂಟುತ್ತದೆ. ಎರಡರ ಏಟೂ ಆ ಹಲಗೆಗೇ. ಗಾಳಿ ತುಂಬುವ ಟೈರ್ ಕೊಳ್ಳಬೇಡಿ. ಬಳ್ಳಾರಿ ಜಾಲಿಯ ಮುಳ್ಳು ಬಳ್ಳಾರಿಯಲ್ಲಿ ಎಲ್ಲಿಲ್ಲ? ಫೋಮ್ ತುಂಬಿದ 5 ಇಂಚಿನ ಗಾಲಿ ಸಾಕು. ಸಿರುಗುಪ್ಪ, ಸಿಂಧನೂರು ಕಡೆಯವರು ಗದ್ದೆಗೆ ನೀರು ಬಿಟ್ಟಿರುವಾಗ ಹಾರಿಸದಿರುವುದು ಒಳ್ಳೆಯದು. ರೆಕ್ಕೆಗೆ ಚೀಲವನ್ನು ಬಳ್ಳಾರಿಯ ಜೀನ್ಸ್ ಹೊಲಿಯುವವರ ಹತ್ತಿರ ಹೊಲಿಸಿದರೆ ಹೊರಗಿನಿಂದ ತರಿಸುವುದಕ್ಕಿಂತ ಎಷ್ಟೋ ಅಗ್ಗ. ಒಳಗೆ ಫ್ಲಾನೆಲ್ ಹಾಕಿಸಿ, ಡೆನಿಮ್ ಬಣ್ಣ ಉಜ್ಜುತ್ತದೆ.

ಬಣ್ಣದ ವಿಷಯಕ್ಕೆ, ಕಿಟ್‌ನ ಬೆಳ್ಳಿ ಹೊದಿಕೆ ತೆಗೆದು ಬ್ರಿಟಿಷ್ ವಾಯುಪಡೆ ಆರ್‌ಎಎಫ್‌ನ ಆಗ್ನೇಯ ಏಷ್ಯಾ ಬಣ್ಣ ಹಚ್ಚಿದ್ದೇನೆ: ಹಸಿರು, ಕಂದು, ಬಿಳಿ ಪಟ್ಟಿ, ಕೆಂಪಿಲ್ಲದ ನೀಲಿ ವೃತ್ತ. 1944ರಲ್ಲಿ ಯಲಹಂಕದಲ್ಲಿ ಥಂಡರ್‌ಬೋಲ್ಟ್ ತರಬೇತಿ ನಡೆಯುತ್ತಿತ್ತು, ಕನ್ನಡ ನೆಲಕ್ಕೆ ಇದೇ ಒಪ್ಪುತ್ತದೆ. ಬಿಸಿಲಿಗೆ ಬೆಳ್ಳಿ ಫಿಲ್ಮ್ ಸುಕ್ಕುಗಟ್ಟುವ ಕಾಟವೂ ತಪ್ಪಿತು.

ಕೊಳ್ಳಬೇಕೇ? ಪೆಟ್ಟಿಗೆ ಬೆಲೆಯಷ್ಟೇ ದುಡ್ಡು ಎಂಜಿನ್, ಸರ್ವೋ, ರಿಟ್ರಾಕ್ಟ್‌ಗೆ ಮತ್ತೆ ಬೇಕು. ಫೈಬರ್ ಕತ್ತರಿಸಲು ಕೈ ನಡುಗುವವರು, ಬೆಳಿಗ್ಗೆ ಆರಕ್ಕೆ ಏಳಲಾರದವರು 60 ಇಂಚಿನ ಎಲೆಕ್ಟ್ರಿಕ್ ತಗೊಳ್ಳಿ. ಆಮದಿನ ನಿಯಮ ಮೊದಲು ಓದಿ. 2022ರ ಫೆಬ್ರುವರಿಯಿಂದ ಪೂರ್ಣ ಡ್ರೋನ್ ಆಮದಿಗೆ ನಿಷೇಧವಿದೆ, ಬಿಡಿಭಾಗಕ್ಕಿಲ್ಲ, ಕಸ್ಟಮ್ಸ್‌ನಲ್ಲಿ ಮಾದರಿ ವಿಮಾನವನ್ನೂ ಪ್ರಶ್ನಿಸಬಹುದು. ಹಾರಿಸುವ ಜಾಗವನ್ನು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿ: ಹಸಿರು ವಲಯದಲ್ಲಿ 400 ಅಡಿ, ವಿಮಾನ ನಿಲ್ದಾಣದಿಂದ 8ರಿಂದ 12 ಕಿಮೀ ನಡುವೆ 200 ಅಡಿಯವರೆಗೆ ಮಾತ್ರ. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದ ಸುತ್ತಲಿನವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆಯ ಗಾಳಿಗೆ ಹೇಗೂ ಹಾರಿಸಲಾಗದು, ಬ್ಯಾಫಲ್ ಕತ್ತರಿಸಲು ಆ ಮೂರು ತಿಂಗಳೇ ಸರಿಯಾದ ಕಾಲ.