114 ಮಿ.ಮೀ. ದೂರದರ್ಶಕ: ಹಾಸನದ ಅಂಗಳದಿಂದ ಬೆಳಕಿನ ವೇಗ ಅಳೆಯೋಕೆ ಸಾಕಾ?

ಸಾಕು. ಆದರೆ ಸ್ಟ್ಯಾಂಡ್ ಸತಾಯಿಸುತ್ತೆ.

900 ಮಿ.ಮೀ. ನಾಭಿದೂರದ ಈ ಕನ್ನಡಿ ದೂರದರ್ಶಕಗಳು ಯಾವ ಬ್ರ್ಯಾಂಡಿನದಾದರೂ ಹೆಚ್ಚುಕಮ್ಮಿ ಒಂದೇ. 25 ಮಿ.ಮೀ. ಐಪೀಸ್ (ಕಣ್ಣಿಡೋ ಮಸೂರ) 36 ಪಟ್ಟು ಹಿಗ್ಗಿಸುತ್ತೆ, ಹುಡುಕೋಕೆ ಅದು. ಕೆಲಸಕ್ಕೆ 10 ಮಿ.ಮೀ.ನದು, 90 ಪಟ್ಟು. ಇನ್ನೂ ಹಿಗ್ಗಿಸೋಕೆ ಕೊಡೋ ಪ್ಲಾಸ್ಟಿಕ್ ಬಾರ್ಲೋ ಮಸೂರ ಡಬ್ಬದಲ್ಲೇ ಇರಲಿ.

ಇದರ ಸ್ಟ್ಯಾಂಡ್, ಅಂದರೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತಿರುಗೋ ಇಕ್ವಟೋರಿಯಲ್ ಮೌಂಟ್, ಮಾಡಿರೋದು 40–50 ಡಿಗ್ರಿ ಅಕ್ಷಾಂಶದ ಊರುಗಳನ್ನು ನೆನೆಸಿಕೊಂಡು. ಹಾಸನ 13 ಡಿಗ್ರಿ. ಅಕ್ಷವನ್ನು ಅಷ್ಟು ಮಲಗಿಸಿದರೆ ತೂಕದ ಗುಂಡು ಉತ್ತರದ ಕಾಲಿಗೆ ತಗಲುತ್ತೆ. ಎರಡು ಕಾಲುಗಳ ನಡುವಿನ ಸಂದು ಉತ್ತರಕ್ಕೆ ಬರುವಂತೆ ನಿಲ್ಲಿಸಿ. ಧ್ರುವ ನಕ್ಷತ್ರ ಹೇಗೂ ತೆಂಗಿನಮರದ ಮರೆಯಲ್ಲಿರುತ್ತೆ, ದಿಕ್ಸೂಚಿ ನಡೆಯುತ್ತೆ.

ವಿಧಾನ 1676ರಲ್ಲಿ ಡೆನ್ಮಾರ್ಕಿನ ಖಗೋಳಜ್ಞ ಓಲೆ ರೋಮರ್ ತೋರಿಸಿದ್ದೇ. ಗುರುವಿನ ಚಂದ್ರ ಅಯೊ ಸುಮಾರು 42 ಗಂಟೆ 28 ನಿಮಿಷಕ್ಕೊಮ್ಮೆ ನೆರಳಿಗೆ ಹೋಗಿಬರುತ್ತೆ. ಭೂಮಿ ದೂರ ಸರಿದಷ್ಟೂ ಆ ಗ್ರಹಣ ನಮಗೆ ತಡವಾಗಿ ಕಾಣುತ್ತೆ. ಒಂದು ಸುತ್ತಿಗೆ ಹೆಚ್ಚೆಂದರೆ 15 ಸೆಕೆಂಡ್, ಅದು ಕೈಗೆ ಸಿಗಲ್ಲ. 2027ರ ಫೆಬ್ರವರಿ 10ರ ಸುಮಾರಿಗೆ ಗುರು ಸೂರ್ಯನಿಗೆ ನೇರ ಎದುರು ಬರುತ್ತಾನೆ. ಆ ತಿಂಗಳ ಕೊನೆಯಿಂದ ಮೇ ತನಕ ನೋಡಿದರೆ ದೂರ 13 ಕೋಟಿ ಕಿ.ಮೀ.ನಷ್ಟು ಹೆಚ್ಚಿ, ತಡ ಏಳು ನಿಮಿಷ ಮುಟ್ಟುತ್ತೆ. ಹೆಚ್ಚಿದ ದೂರವನ್ನು ಆ ತಡದಿಂದ ಭಾಗಿಸಿದರೆ ಬೆಳಕಿನ ವೇಗ. ಅರ್ಧ ನಿಮಿಷ ತಪ್ಪಿದರೂ ಉತ್ತರ ಶೇ. 7ರಷ್ಟು ಜಾರುತ್ತೆ.

ತಪ್ಪೋದು ಎಲ್ಲಿ? ಆಗ ಕಾಣೋದು ಅಯೊ ನೆರಳಿನಿಂದ ಹೊರಬರೋದು ಮಾತ್ರ. ಚುಕ್ಕಿ ಪೂರ್ತಿ ಬೆಳಗೋಕೆ ಮೂರ್ನಾಲ್ಕು ನಿಮಿಷ ಬೇಕು, ಮೊದಲು ಕಂಡ ಕ್ಷಣವನ್ನೇ ಹಿಡಿಯಬೇಕು. ಮೊಬೈಲಿನಲ್ಲಿ ಧ್ವನಿ ರೆಕಾರ್ಡಿಂಗ್ ಶುರುಮಾಡಿ, ಗಡಿಯಾರ ನೋಡಿ ಸಮಯ ಹೇಳಿ, ಕಣ್ಣು ಐಪೀಸಿಗಿಟ್ಟು "ಬಂತು" ಅನ್ನಿ. ದೊಡ್ಡ ಕನ್ನಡಿಗೆ ಚುಕ್ಕಿ ಬೇಗ ಕಾಣುತ್ತೆ, ಹಾಗಾಗಿ ಸ್ನೇಹಿತರ ದೂರದರ್ಶಕದ ಲೆಕ್ಕ ಬೆರೆಸಬೇಡಿ. ಜನವರಿಯಲ್ಲಿ ನೆರಳಿಗೆ ಹೋಗಿದ್ದನ್ನು ನೋಡಿದ್ದರೆ ಅದನ್ನೂ ಸೇರಿಸಬೇಡಿ.

42 ಗಂಟೆ 28 ನಿಮಿಷವನ್ನು ಸುಮ್ಮನೆ ಗುಣಿಸುತ್ತಾ ಹೋದರೂ ಕೆಡುತ್ತೆ. ಗುರುವಿನ ಇನ್ನೊಂದು ಚಂದ್ರ ಯುರೋಪಾದ ಎಳೆತಕ್ಕೆ ಅಯೊ ಕೆಲವು ನಿಮಿಷ ಹಿಂದುಮುಂದಾಗುತ್ತೆ. ಕಂಪ್ಯೂಟರಿನಲ್ಲಿ ಆಕಾಶ ತೋರಿಸೋ ಸ್ಟೆಲೇರಿಯಂ ತಂತ್ರಾಂಶದಲ್ಲಿ ಬೆಳಕಿನ ವೇಗದ ಆಯ್ಕೆ ಆಫ್ ಮಾಡಿ ಗ್ರಹಣದ ಸಮಯ ನೋಡಿ. ನಿಮ್ಮ ಸಮಯಕ್ಕೂ ಅದಕ್ಕೂ ಫೆಬ್ರವರಿಯಲ್ಲಿ 36 ನಿಮಿಷದಷ್ಟು, ಮೇನಲ್ಲಿ 43ರಷ್ಟು ಅಂತರ ಬರಬೇಕು. ಇವೆರಡರ ವ್ಯತ್ಯಾಸವೇ ಆ ಏಳು ನಿಮಿಷ. ರೋಮರ್ ಕಾಲದವರು ನೋಡಿದರೆ ಕಾಪಿ ಹೊಡೆದಿದ್ದೀರಿ ಅಂದಾರು.

ಚಿಕ್ಕಮಗಳೂರು ಕಡೆಯವರು ಕಾಫಿ ಕಣದ ಮೇಲೆ ಇಡಬೇಡಿ. ಹಗಲೆಲ್ಲ ಕಾದ ಸಿಮೆಂಟು ರಾತ್ರಿ ಬಿಸಿ ಬಿಡ್ತಾ ಇದ್ದರೆ ಗುರು ತೊಟ್ಟಿಯೊಳಗಿನ ನಾಣ್ಯದ ಹಾಗೆ ಅಲ್ಲಾಡ್ತಾನೆ. ಹುಲ್ಲಿನ ಮೇಲಿಡಿ, ಇಬ್ಬನಿ ಬೀಳುತ್ತೆ ಅಂತ ಫೈಂಡರಿಗೆ (ಗುರಿ ಹುಡುಕೋ ಪುಟ್ಟ ದೂರದರ್ಶಕ) ರಟ್ಟಿನ ಕೊಳವೆ ತೊಡಿಸಿ.